ತಾಲ್ಲೂಕು ದಂಡಾಧಿಕಾರಿಗೆ ದಂಡದ ಪಾಠ ಬೇಡವೇ?

ತಹಶೀಲ್ದಾರರ ಕಚೇರಿಯ ಬೋರ್ಡನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ ಸ್ವಾಮಿ? ‘ತಹಶೀಲ್ದಾರರು ಹಾಗೂ ತಾಲ್ಲೂಕು ದಂಡಾಧಿಕಾರಿಗಳು’ ಎಂದಿರುತ್ತದೆ. ಮೊದಲನೆಯವರು ಎಲ್ಲರಿಗೂ ಗೊತ್ತು. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ. ಎರಡನೆಯವರ ಪರಿಚಯ ಆಗುವುದು ಜಾತ್ರೆಯಲ್ಲೋ ಹೊಲದ ಬದುವಿನ ಮೇಲೋ ಜಗಳ ಬಿದ್ದಾಗ. ಪೊಲೀಸರು ಎರಡೂ ಪಾರ್ಟಿಯವರ ಮೇಲೆ ‘107’ ಹಾಕುತ್ತಾರೆ. ಆಗ ಮಗ್ಗ ಬಿಟ್ಟು, ಅಂಗಡಿ ಬಾಗಿಲು ಎಳೆದು, ಜಾಮೀನುದಾರನನ್ನು ಜತೆಗೆ ಕಟ್ಟಿಕೊಂಡು ಇದೇ ಕಚೇರಿಗೆ ಅಲೆಯಬೇಕು.

ಜನರ ಬಾಯಲ್ಲಿ ಇನ್ನೂ 107. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ನಂಬರು ಬದಲಾಗಿದೆ, ಅಲೆದಾಟ ಬದಲಾಗಿಲ್ಲ. ವಿಚಾರಣೆ ಶುರುವಾಗಿ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು ಕೇಸು ತಾನಾಗಿ ಬಿದ್ದುಹೋಗುತ್ತದೆ ಎಂಬ ಮಾತು ಹಳೇ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಎಷ್ಟು ಜನಕ್ಕೆ ಗೊತ್ತು? ಜನರ ಮಾತು ಬಿಡಿ, ಫೈಲು ಹಿಡಿದ ಗುಮಾಸ್ತರಿಗೆ ಗೊತ್ತಿದ್ದರೆ ಸಾಕಿತ್ತು.

ಜೈಲಿನದೂ ಇದೇ ಕಥೆ. ದೇಶದ ಜೈಲುಗಳಲ್ಲಿ ನಾಲ್ಕು ಜನರಿದ್ದರೆ ಸುಮಾರು ಮೂವರು ಶಿಕ್ಷೆಯಾದವರಲ್ಲ, ವಿಚಾರಣಾ ಕೈದಿಗಳು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಬೇರೆ ಕೇಸಿಲ್ಲದೆ ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು ಎನ್ನುತ್ತದೆ ಸಂಹಿತೆಯ 479ನೇ ಕಲಂ. ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲು ಸೂಪರಿಂಟೆಂಡೆಂಟರು. ಅಂದರೆ ದಿನ ಎಣಿಸಬೇಕು. ಅಂಗಡಿಯ ಖಾತೆ ಪುಸ್ತಕದಂಥದ್ದೇ ಕೆಲಸ. ಎಣಿಸುವವನು ಮರೆತರೆ ಬಡವನ ಮಗ ಒಳಗೇ ಉಳಿದ.

ಇದೆಲ್ಲ ವಕೀಲಿಕೆಯಲ್ಲ, ಆಡಳಿತ. ಕಾನೂನು ಕಾಲೇಜಿನಲ್ಲಿ ಕಲಂ ಕಲಿಸುತ್ತಾರೆ, ರಾಜ್ಯಶಾಸ್ತ್ರದ ಎಂ.ಎ.ಯಲ್ಲಿ ಸಂವಿಧಾನ ಕಲಿಸುತ್ತಾರೆ. ಸಮನ್ಸು ಯಾಕೆ ತಲುಪಲಿಲ್ಲ, ಎಸ್ಕಾರ್ಟ್ ಇಲ್ಲದೆ ಕೈದಿ ಯಾಕೆ ಕೋರ್ಟಿಗೆ ಬರಲಿಲ್ಲ ಎಂಬುದು ಎರಡರ ನಡುವಿನ ಬಿರುಕಿಗೆ ಬೀಳುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರವಿದೆ. ಸಾರ್ವಜನಿಕ ಆಡಳಿತದ ಎಂ.ಎ.ಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಅಂಚೆಯಲ್ಲಿ ಓದಿದವರು ನಮ್ಮಲ್ಲೂ ಇದ್ದಾರೆ. ಎರಡನ್ನೂ ಒಂದೇ ಬೆಂಚಿನ ಮೇಲೆ ಕೂತು ಓದುವ ವ್ಯವಸ್ಥೆ ನಮ್ಮ ಹುಡುಗ ಹುಡುಗಿಯರಿಗೆ ಹತ್ತಿರದಲ್ಲಿ ಬೇಕು.

ಇದು ಅಮೆರಿಕದ ಫ್ಯಾಷನ್ ಎನ್ನುವವರು ಒಮ್ಮೆ ಬ್ರಹ್ಮಗಿರಿ ಹತ್ತಿ ಬರಲಿ. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಕಂಡ ಅಕ್ಷರಗುಂಡಿನ ಶಾಸನ ಶುರುವಾಗುವುದೇ ಕಚೇರಿ ಪತ್ರದಂತೆ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಅಶೋಕನ ಆಜ್ಞೆ ತಿಳಿಸುತ್ತಾರೆ. ಅದರಲ್ಲಿ ಜೈಲಿನ ಮಾತಿಲ್ಲ, ನಿಜ. ಆದರೆ ಅದೇ ಅಶೋಕ ಒಡಿಶಾದ ಧೌಲಿಯ ಬಂಡೆಯ ಮೇಲೆ ನಗರದ ನ್ಯಾಯಾಧಿಕಾರಿಗಳಿಗೆ ಬುದ್ಧಿ ಹೇಳಿದ್ದಾನೆ: ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ನರಳಬಾರದು, ಅಸೂಯೆ, ಸಿಟ್ಟು, ಆತುರ, ಸೋಮಾರಿತನ ಇದ್ದವನಿಂದ ನ್ಯಾಯ ಆಗದು. ಅಧಿಕಾರಿಗಳು ನೆಟ್ಟಗಿದ್ದಾರೋ ಇಲ್ಲವೋ ನೋಡಲು ಐದು ವರ್ಷಕ್ಕೊಮ್ಮೆ ಮೇಲಿನವರನ್ನು ಕಳಿಸುತ್ತೇನೆ ಎಂದೂ ಸೇರಿಸಿದ್ದಾನೆ. ಇನ್‌ಸ್ಪೆಕ್ಷನ್ ಎಂಬುದು ಬ್ರಿಟಿಷರು ತಂದದ್ದಲ್ಲ, ನೋಡಿ!

ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಆಡಳಿತ ಮತ್ತು ಅಪರಾಧ ನ್ಯಾಯ ಎರಡನ್ನೂ ಕೂಡಿಸಿದ ಎಂ.ಎ. ಅಲ್ಲಿ ನಡೆಯಲಿ, ಪಾಠ ಕನ್ನಡದಲ್ಲಿರಲಿ, ಠಾಣೆ, ಜೈಲು, ತಾಲ್ಲೂಕು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತು ನೋಡುವ ಕೆಲಸವೂ ಸೇರಿರಲಿ. ಚಳ್ಳಕೆರೆ, ಮೊಳಕಾಲ್ಮೂರಿನ ಶಾಸಕರಿಬ್ಬರೂ ಈ ಮಾತನ್ನು ವಿಶ್ವವಿದ್ಯಾನಿಲಯದವರ ಕಿವಿಗೆ ಹಾಕಬೇಕು. ಸಂಜೆ ತರಗತಿಯಾದರೆ ಗುಮಾಸ್ತರೂ ಕಾನ್‌ಸ್ಟೇಬಲ್‌ಗಳೂ ಬಂದು ಕೂರಬಹುದು. ಮೊಳಕಾಲ್ಮೂರಿನ ಕಡೇ ಬಸ್ಸು ತಪ್ಪದ ಹಾಗೆ ಬೆಲ್ಲು ಹೊಡೆದರೆ ಆಯಿತು.