ಸೈಡ್‌ಕಾರ್‌ಗೆ ಕರೆಂಟು : ಖುಷಿಗೆ ಸೈ, ಉಳಿತಾಯಕ್ಕಲ್ಲ!

ಹೊಸ ವಿದ್ಯುತ್ ಕಾರು ಕೊಂಡವರಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಯಿತು. ಇಂಥ ಹೊತ್ತಿನಲ್ಲಿ ಯಾರಿಗಾದರೂ ಏಳುವ ಪ್ರಶ್ನೆ ಒಂದೇ: ‘ಹೊಸ ಗಾಡಿ ಯಾಕೆ ಸ್ವಾಮಿ? ಗರಾಜಿನಲ್ಲಿ ನಿಂತಿರುವ ಹಳೆಯದಕ್ಕೇ ಮೋಟಾರು, ಬ್ಯಾಟರಿ ಜೋಡಿಸಿದರಾಗದೇ?’

ಆಗುತ್ತದೆ. ಕೈಚಳಕ ಇರುವವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಅದು. ಹೀಗೆ ಬದಲಾಯಿಸಲು ಅತ್ಯಂತ ಒಗ್ಗುವ ಗಾಡಿಗಳಲ್ಲಿ ಸೈಡ್‌ಕಾರ್ ಮೋಟಾರ್‌ಸೈಕಲ್ಲೂ ಒಂದು. ಆದರೆ ಯಾಕೆ ಮಾಡಬೇಕು, ಯಾವ ದೇಶದಲ್ಲಿ ಮಾಡಬೇಕು ಎನ್ನುವಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು.

ರಾಮನಗರದಿಂದ ಮಿಲಾನ್‌ವರೆಗೆ

ಸೈಡ್‌ಕಾರ್ ಎಂದಕೂಡಲೇ ನಮ್ಮ ತಲೆಮಾರಿಗೆ ನೆನಪಾಗುವುದು 1975ರ ಶೋಲೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರದಲ್ಲಿ ಜೈ-ವೀರು ಜೋಡಿಯ ಜೊತೆಗೆ ಬಿಎಸ್ಎ ಗಾಡಿಯೂ ಒಂದು ಪಾತ್ರವೇ. ಇಲ್ಲಿ ಅಮೆರಿಕದಲ್ಲಿ ಸೈಡ್‌ಕಾರ್ ಎಂದರೆ ಬಹಳ ಜನರಿಗೆ ಉರಲ್. ರಷ್ಯಾದ ಇರ್ಬಿಟ್‌ನಲ್ಲಿ ಹುಟ್ಟಿದ ಈ ಗಾಡಿಯ ಜೋಡಣೆ, ಉಕ್ರೇನ್ ಯುದ್ಧದ ನಂತರ, 2022ರಲ್ಲಿ ಕಜಾಕಿಸ್ತಾನಕ್ಕೆ ಸ್ಥಳಾಂತರವಾಯಿತು.

ಇದೇ ಉರಲ್ ಕಂಪನಿ 2018ರ ನವೆಂಬರ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ವಿದ್ಯುತ್ ಸೈಡ್‌ಕಾರ್ ಒಂದನ್ನು ತೋರಿಸಿತು. ಮೋಟಾರು, ಬ್ಯಾಟರಿಗಳೆಲ್ಲ ಕ್ಯಾಲಿಫೋರ್ನಿಯಾದ ಝೀರೋ ಮೋಟಾರ್‌ಸೈಕಲ್ಸ್‌ನವು. ಬ್ಯಾಟರಿಯ ಸಾಮರ್ಥ್ಯ 19.5 ಯೂನಿಟ್, ಮೋಟಾರಿನ ಶಕ್ತಿ 60 ಅಶ್ವಶಕ್ತಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 100 ಮೈಲಿ. ಎರಡು ವರ್ಷದಲ್ಲಿ ಮಾರುಕಟ್ಟೆಗೆ ತರಬಹುದು ಎಂಬ ಮಾತಿತ್ತು, ಬರಲಿಲ್ಲ. ಹಾಗಾಗಿ ವಿದ್ಯುತ್ ಸೈಡ್‌ಕಾರ್ ಬೇಕೆಂದವರಿಗೆ ಇರುವುದನ್ನೇ ಬದಲಾಯಿಸಿಕೊಳ್ಳುವ ದಾರಿಯೇ ಹತ್ತಿರ.

ಬ್ಯಾಟರಿಯೇ ಮರಳಿನ ಚೀಲ!

ಬರೀ ಮೋಟಾರ್‌ಸೈಕಲ್ಲಿಗೆ ಬ್ಯಾಟರಿ ಹಾಕುವವರ ಮೊದಲ ತಲೆನೋವು ಜಾಗ. ಎಂಜಿನ್ ಮತ್ತು ಟ್ಯಾಂಕ್ ತೆಗೆದರೂ ಸಿಗುವುದು ಸ್ವಲ್ಪವೇ. ಸೈಡ್‌ಕಾರ್‌ನಲ್ಲಿ ಹಾಗಲ್ಲ, ಸೀಟಿನ ಕೆಳಗೆ, ಹಿಂದಿನ ಡಿಕ್ಕಿಯಲ್ಲಿ ಧಾರಾಳವಾಗಿ ಜಾಗವಿದೆ.

ಇನ್ನೊಂದು ಅನುಕೂಲವೂ ಉಂಟು. ಸೈಡ್‌ಕಾರ್ ಗಾಡಿ ತಿರುವಿನಲ್ಲಿ ವಾಲುವುದಿಲ್ಲ. ಇಲ್ಲಿ ಸೈಡ್‌ಕಾರ್ ಬಲಕ್ಕಿರುವುದರಿಂದ, ಅದು ಖಾಲಿ ಇದ್ದು ಬಲಕ್ಕೆ ಜೋರಾಗಿ ತಿರುಗಿಸಿದರೆ ಪಕ್ಕದ ಚಕ್ರ ನೆಲ ಬಿಟ್ಟೇಳುತ್ತದೆ. ಅದಕ್ಕೇ ಹೊಸಬರು ಅದರಲ್ಲಿ ಮರಳಿನ ಚೀಲ ಇಟ್ಟು ಕಲಿಯುತ್ತಾರೆ. ಬ್ಯಾಟರಿಯನ್ನು ತಳದಲ್ಲಿ ಕೂರಿಸಿದರೆ ಆ ಚೀಲದ ಕೆಲಸವನ್ನು ಅದೇ ಮಾಡುತ್ತದೆ. ಹಿಂದಕ್ಕೆ ಹೋಗಲು ಬೇರೆ ಗೇರ್ ಬೇಡ, ಮೋಟಾರನ್ನು ಉಲ್ಟಾ ತಿರುಗಿಸಿದರಾಯಿತು.

ಆದರೆ ಭಾರ ಅತಿಯಾದರೆ ಕಷ್ಟ. ತಳ್ಳುವ ಚಕ್ರ ಒಂದು ಪಕ್ಕ, ಭಾರ ಇನ್ನೊಂದು ಪಕ್ಕ. ವೇಗ ಹೆಚ್ಚಿಸಿದಾಗ ಗಾಡಿ ಬಲಕ್ಕೆ ಎಳೆಯುತ್ತದೆ, ಬೈಕಿನ ಬ್ರೇಕ್ ಹಿಡಿದರೆ ಎಡಕ್ಕೆ. ವಿದ್ಯುತ್ ಮೋಟಾರು ನಿಂತ ಜಾಗದಿಂದಲೇ ಪೂರ್ತಿ ಬಲ ಕೊಡುವುದರಿಂದ ಈ ಎಳೆತ ಇನ್ನೂ ಜೋರು. ಸೈಡ್‌ಕಾರ್ ಚಕ್ರಕ್ಕೂ ಬ್ರೇಕ್ ಇರಲಿ. ಮೋಟಾರಿನ ಬಲ ನಿಧಾನವಾಗಿ ಏರುವಂತೆ ಕಂಟ್ರೋಲರನ್ನು ಹೊಂದಿಸಿ. ಮಗುವನ್ನು ಪಕ್ಕದಲ್ಲಿ ಕೂರಿಸುವ ಮೊದಲು ಖಾಲಿ ಮೈದಾನದಲ್ಲಿ ನಾಲ್ಕು ದಿನ ಓಡಿಸಿ ನೋಡಿ.

ಲೆಕ್ಕಾಚಾರ ನೋಡೋಣ ಬನ್ನಿ

ಉರಲ್ ಕೊಟ್ಟ ಅಂಕಿಯನ್ನೇ ಹಿಡಿಯೋಣ. 100 ಮೈಲಿಗೆ 19.5 ಯೂನಿಟ್. ಯೂನಿಟ್ಟಿಗೆ 15 ಸೆಂಟ್ ಎಂದುಕೊಂಡರೆ, ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ ಮೂರೂಕಾಲು ಡಾಲರ್. ಗ್ಯಾಲನ್ನಿಗೆ 33 ಮೈಲಿ ಕೊಡುವ ಪೆಟ್ರೋಲ್ ಗಾಡಿಗೆ, ಗ್ಯಾಲನ್ನಿಗೆ 3 ಡಾಲರಿನಂತೆ, ಅದೇ ದೂರಕ್ಕೆ ಒಂಬತ್ತು ಡಾಲರಿನ ಆಸುಪಾಸು. ಅಂದರೆ 100 ಮೈಲಿಗೆ ಉಳಿಯುವುದು ಸುಮಾರು 6 ಡಾಲರ್.

ಸೈಡ್‌ಕಾರನ್ನು ನಾವು ದಿನಾ ಆಫೀಸಿಗೆ ಓಡಿಸುವುದಿಲ್ಲವಲ್ಲ! ವರ್ಷಕ್ಕೆ 2,000 ಮೈಲಿ ಎಂದರೂ ಉಳಿತಾಯ 120 ಡಾಲರ್. ಬ್ಯಾಟರಿ, ಮೋಟಾರು, ಕಂಟ್ರೋಲರ್, ಚಾರ್ಜರ್ ಎಲ್ಲ ಸೇರಿ 6,000 ಡಾಲರ್ ಖರ್ಚಾಯಿತೆನ್ನಿ, ಅಸಲು ಹುಟ್ಟಲು 50 ವರ್ಷ ಬೇಕು. ಅಷ್ಟರೊಳಗೆ ಬ್ಯಾಟರಿಯನ್ನೇ ಎಷ್ಟು ಸಲ ಬದಲಾಯಿಸಬೇಕೋ!

ಸರ್ಕಾರದ ನೆರವು? ಅದೂ ಇಲ್ಲ. ಪೆಟ್ರೋಲ್ ಗಾಡಿಯನ್ನು ವಿದ್ಯುತ್‌ಗೆ ಬದಲಾಯಿಸಿದವರಿಗೆ ಖರ್ಚಿನ ಶೇ. 10ರಷ್ಟು, ಗರಿಷ್ಠ 4,000 ಡಾಲರ್ ರಿಯಾಯಿತಿ ಕೊಡುವ ಕಾನೂನು 2009ರಲ್ಲಿ ಬಂದು 2011ರ ಕೊನೆಗೆ ಮುಗಿಯಿತು. ಹೊಸ ವಿದ್ಯುತ್ ಮೋಟಾರ್‌ಸೈಕಲ್ ಕೊಂಡವರಿಗಿದ್ದ 2,500 ಡಾಲರ್‌ವರೆಗಿನ ರಿಯಾಯಿತಿಯೂ 2021ರೊಂದಿಗೆ ಮುಗಿಯಿತು.

ಬದಲಿಗೆ ಶುಲ್ಕಗಳು ಬಂದಿವೆ. ಪೆಟ್ರೋಲ್ ತೆರಿಗೆ ಕಟ್ಟದವರಿಂದ ರಸ್ತೆ ಖರ್ಚು ವಸೂಲು ಮಾಡಬೇಕೆಂಬುದು ರಾಜ್ಯಗಳ ವಾದ. ಜಾರ್ಜಿಯಾ 2015ರ ಜುಲೈಯಲ್ಲಿ ವಿದ್ಯುತ್ ಕಾರಿಗಿದ್ದ 5,000 ಡಾಲರ್ ರಿಯಾಯಿತಿ ತೆಗೆದುಹಾಕಿ, ವರ್ಷಕ್ಕೆ 200 ಡಾಲರ್ ಶುಲ್ಕ ಹೇರಿತು. ನಾರ್ತ್ ಕ್ಯಾರೊಲಿನಾ 2014ರಲ್ಲೇ 100 ಡಾಲರಿನಿಂದ ಶುರುಮಾಡಿ ಏರಿಸುತ್ತಾ ಬಂದಿದೆ. ಮೇರಿಲ್ಯಾಂಡ್ 2024ರ ಜುಲೈಯಲ್ಲಿ 125 ಡಾಲರ್ ಶುಲ್ಕ ತಂದಿತು. ಇವೆಲ್ಲ ಮುಖ್ಯವಾಗಿ ಕಾರುಗಳನ್ನು ನೋಡಿ ಮಾಡಿದವು. ನಿಮ್ಮ ಮೂರು ಚಕ್ರದ ಗಾಡಿಗೂ ಅನ್ವಯವೇ ಎಂದು ಕೆಲಸಕ್ಕೆ ಕೈಹಾಕುವ ಮೊದಲೇ ನೋಂದಣಿ ಕಚೇರಿಯಲ್ಲಿ ಕೇಳಿಕೊಳ್ಳಿ. 120 ಡಾಲರ್ ಉಳಿಸಲು ಹೋಗಿ 200 ಕಟ್ಟುವಂತಾಗಬಾರದು!

ತಪಾಸಣೆ ಮತ್ತು ಬೆಂಕಿ

ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲಿನಾದಲ್ಲಿ ಮೋಟಾರ್‌ಸೈಕಲ್ಲುಗಳಿಗೂ ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಉಂಟು. ಜಾರ್ಜಿಯಾ, ಸೌತ್ ಕ್ಯಾರೊಲಿನಾಗಳಲ್ಲಿ ಅಂಥ ವಾರ್ಷಿಕ ತಪಾಸಣೆ ಇಲ್ಲ. ತಪಾಸಣೆ ಇಲ್ಲದ ಕಡೆ ಜವಾಬ್ದಾರಿ ಇನ್ನೂ ಹೆಚ್ಚು, ಯಾಕೆಂದರೆ ನಿಮ್ಮ ಬ್ರೇಕನ್ನು ನೋಡುವವರು ನೀವೊಬ್ಬರೇ. ನೋಂದಣಿ ಪತ್ರದಲ್ಲಿ ಇಂಧನದ ವಿವರ ಬದಲಿಸಿ, ವಿಮಾ ಕಂಪನಿಗೂ ತಿಳಿಸಿ. ಬದಲಾವಣೆಯನ್ನು ಮುಚ್ಚಿಟ್ಟರೆ ಅಪಘಾತವಾದಾಗ ವಿಮೆ ಕೈಕೊಡಬಹುದು.

ಬ್ಯಾಟರಿಯ ವಿಷಯದಲ್ಲಂತೂ ಜುಗ್ಗತನ ಬೇಡವೇ ಬೇಡ. ಮೂಲ ಗೊತ್ತಿಲ್ಲದ ಹಳೆಯ ಸೆಲ್‌ಗಳು, ಫ್ಯೂಸ್ ಇಲ್ಲದ ವೈರಿಂಗ್, ಸೆಲ್‌ಗಳ ಮೇಲೆ ಕಣ್ಣಿಡುವ ನಿಯಂತ್ರಕವಿಲ್ಲದ ಪ್ಯಾಕ್ ಮನೆಗೆ ಅಪಾಯ. ನಮ್ಮಲ್ಲಿ ಬಹಳ ಮಂದಿಯ ಗರಾಜಿನ ಮೇಲೆಯೇ ಮಕ್ಕಳ ಮಲಗುವ ಕೋಣೆ. ಸಾಮಾನ್ಯ 120 ವೋಲ್ಟ್ ಪ್ಲಗ್ಗಿನಲ್ಲಿ ಇಂಥ ಬ್ಯಾಟರಿ ತುಂಬಲು ಸುಮಾರು 14 ಗಂಟೆ ಬೇಕು, ಅಂದರೆ ಇಡೀ ರಾತ್ರಿ. ಭಾರತದಲ್ಲಿ 2022ರಲ್ಲಿ ಕಾರ್ಖಾನೆಯಿಂದ ಬಂದ ವಿದ್ಯುತ್ ಸ್ಕೂಟರುಗಳಿಗೇ ಬೆಂಕಿ ಬಿದ್ದು, ಸರ್ಕಾರ ಬ್ಯಾಟರಿ ನಿಯಮಗಳನ್ನು ಬಿಗಿ ಮಾಡಬೇಕಾಯಿತು.

ಊರಲ್ಲಿರುವ ಅಪ್ಪನ ಜಾವಾ

ಈಗ ನಮ್ಮೂರಿನ ಮಾತಿಗೆ ಬರೋಣ. ಮೈಸೂರು, ಹಾಸನ, ಶಿವಮೊಗ್ಗದ ಎಷ್ಟೋ ಮನೆಗಳ ಹಿತ್ತಿಲಲ್ಲಿ ಅಪ್ಪನದೋ ಚಿಕ್ಕಪ್ಪನದೋ ಜಾವಾ, ಯೆಜ್ಡಿ ನಿಂತಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ‘ರಜಕ್ಕೆ ಹೋದಾಗ ಅದಕ್ಕೂ ಒಂದು ಬ್ಯಾಟರಿ ಹಾಕಿಸಿಬಿಡೋಣ’ ಎಂಬ ಆಸೆ ಸಹಜ. ಬೆಂಗಳೂರೇನು ಕಡಿಮೆಯೇ? 2001ರಲ್ಲೇ ರೇವಾ ಕಾರನ್ನು, 2018ರಲ್ಲಿ ಏಥರ್ 450 ಸ್ಕೂಟರನ್ನು ರಸ್ತೆಗಿಳಿಸಿದ ಊರು.

ಆದರೆ ತಾಳಿ. ಅಮೆರಿಕದಲ್ಲಿ ಮನೆಯ ಗರಾಜಿನಲ್ಲಿ ಮಾಡಿದ್ದನ್ನು ಅಲ್ಲಿ ಹಾಗೇ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪವನ್ನು ಬದಲಿಸುವುದನ್ನು ತಡೆಯುತ್ತದೆ. ಬ್ಯಾಟರಿ, ಸಿಎನ್‌ಜಿಗೆ ಬದಲಾಯಿಸಲು ವಿನಾಯಿತಿ ಇದೆ, ಆದರೆ ಪರೀಕ್ಷೆಯಾಗಿ ಅನುಮೋದನೆ ಪಡೆದ ಕಿಟ್‌ನಿಂದ ಮಾತ್ರ. ಮೂಲೆಯಂಗಡಿಯಲ್ಲಿ ಜೋಡಿಸಿದ ಮೋಟಾರಿಗೆ ಆರ್‌ಟಿಒ ಮುದ್ರೆ ಬೀಳುವುದಿಲ್ಲ.

ಇನ್ನೂ ದೊಡ್ಡ ವಿಷಯವಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಸಂಖ್ಯೆಯಲ್ಲಿ ‘ವಿಎ’ ಅಕ್ಷರ, ಶುಲ್ಕ 20,000 ರೂಪಾಯಿ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು. ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಎಂಜಿನ್ ಬದಲಾಗಿರಬಾರದು. ಅರವತ್ತರ ದಶಕದ ಜಾವಾಗಳೆಲ್ಲ ಈ ವಯಸ್ಸು ದಾಟಿವೆ. ಎಂಜಿನ್ ಕಿತ್ತು ಬ್ಯಾಟರಿ ಹಾಕಿದ ದಿನ ಆ ಅರ್ಹತೆ ಹೋಯಿತು. 20 ವರ್ಷ ಮೀರಿದ ಬೈಕುಗಳ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿತು ನಿಜ, ಆದರೆ ಅದಕ್ಕೆ ಹೆದರಿ ಎಂಜಿನ್ ಕೀಳಬೇಕಾಗಿಲ್ಲ.

ಹಾಗಾದರೆ ಏನು ಮಾಡೋಣ?

ದುಡ್ಡು ಉಳಿಸಲೆಂದು ಸೈಡ್‌ಕಾರ್‌ಗೆ ಬ್ಯಾಟರಿ ಹಾಕಬೇಡಿ. ಹೈಸ್ಕೂಲಿನ ಮಗ-ಮಗಳ ಜೊತೆ ಒಂದು ಚಳಿಗಾಲ ಸ್ಪ್ಯಾನರ್ ಹಿಡಿದು ಕೂರಬೇಕೆಂಬ ಆಸೆ ಇದ್ದರೆ ಖಂಡಿತ ಹಾಕಿ. ವೋಲ್ಟು, ಆಂಪಿಯರ್, ಭಾರಕೇಂದ್ರ ಎಲ್ಲವನ್ನೂ ಕೈಯಾರೆ ಕಲಿಸುವ ಪಾಠ ಬೇರೆ ಸಿಗಲಿಕ್ಕಿಲ್ಲ. ಎಂಜಿನ್ ಕೆಟ್ಟು ಮೂಲೆ ಸೇರಿದ, ಹೆಚ್ಚು ಬೆಲೆ ಇಲ್ಲದ ಗಾಡಿಯನ್ನೇ ಆರಿಸಿ. ತೆಗೆದ ಎಂಜಿನ್ನನ್ನು ಎಸೆಯದೆ ಎತ್ತಿಡಿ, ಚೌಕಟ್ಟು ಕತ್ತರಿಸಬೇಡಿ. ಬ್ಲೂ ರಿಡ್ಜ್ ಪಾರ್ಕ್‌ವೇ ಪೂರ್ತಿ ಸುತ್ತುವ ಕನಸಿದ್ದರೆ ನೆನಪಿಡಿ, ಅದು 469 ಮೈಲಿ ಉದ್ದ. ನಿಮ್ಮ ಬ್ಯಾಟರಿ 100 ಮೈಲಿಯದು.

ಒಟ್ಟಿನಲ್ಲಿ, ಅಟ್ಲಾಂಟಾದ ಗರಾಜಿನಲ್ಲಿರುವ ಗಾಡಿಗೆ ಬೇಕಾದರೆ ಬ್ಯಾಟರಿ ಹಾಕಿ. ಮೈಸೂರಿನ ಜಾವಾಕ್ಕೆ ಮಾತ್ರ ಪೆಟ್ರೋಲನ್ನೇ ಹಾಕಿ. ಏನಂತೀರಿ?