ಶಿಬಿರದ ದಾನ, ತಿಂಗಳಿನ ಖರ್ಚು



ಲೆಕ್ಕ ಬರೆಯುವುದು ನನ್ನ ವೃತ್ತಿ. ಹೈದರಾಬಾದಿನ ಕಾಚಿಗುಡದಲ್ಲಿ ಕುಳಿತು ಅನ್ಯರ ಜಮಾ-ಖರ್ಚುಗಳನ್ನು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ತಾಳೆ ನೋಡುತ್ತ ಬಂದ ನಾನು ಸ್ವಂತ ಮನೆಯ ಲೆಕ್ಕವನ್ನು ಈವರೆಗೆ ಯಾರ ಮುಂದೆಯೂ ತೆರೆದವನಲ್ಲ. ಇಂದು ತೆರೆಯುತ್ತಿರುವುದಕ್ಕೆ ಕಾರಣ ನಮ್ಮ ಸಂಘದ ಸಭೆಯಲ್ಲಿ ಕೇಳಿದ ಒಂದು ಮಾತು. ಅಂಗವೈಕಲ್ಯವುಳ್ಳ ಮಕ್ಕಳ ಕುಟುಂಬಗಳಿಗೆ ಒಂದು ನಿಧಿ ಬೇಕು ಎಂದು ನಾನು ವಿನಂತಿಸಿದಾಗ, ಗೌರವಾನ್ವಿತ ಹಿರಿಯರೊಬ್ಬರು ನಕ್ಕು, ‘ನಮ್ಮವರಿಗೆ ಏನು ಕಡಿಮೆಯಾಗಿದೆ? ಪ್ರತಿವರ್ಷ ಶಿಬಿರ ನಡೆಸುತ್ತಿದ್ದೇವಲ್ಲ’ ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮುಂದಿನ ವಿಷಯ ಪಂಚಕಲ್ಯಾಣದ ಮಂಟಪದ ಅಲಂಕಾರವಾಗಿತ್ತು.

ಏನು ಕಡಿಮೆಯಾಗಿದೆ ಎಂಬುದಕ್ಕೆ ಉತ್ತರ ಇಲ್ಲಿದೆ. ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ವಾರಕ್ಕೆ ಮೂರು ಬಾರಿ ಫಿಸಿಯೋಥೆರಪಿ, ಒಂದಕ್ಕೆ 700 ರೂಪಾಯಿಯಂತೆ ತಿಂಗಳಿಗೆ 8,400. ವಾರಕ್ಕೆರಡು ಬಾರಿ ಸ್ಪೀಚ್ ಥೆರಪಿ, 800ರಂತೆ 6,400. ಈ ಇಪ್ಪತ್ತು ಹೋಗಿಬರುವಿಕೆಗೆ ಆಟೋ ಬಾಡಿಗೆ 6,000. ಶಾಲೆಯಲ್ಲಿ ಪಕ್ಕದಲ್ಲಿ ಕುಳಿತು ನೆರವಾಗುವ ಸಹಾಯಕಿಗೆ 12,000. ಇದು ಶಾಲೆಯ ಶುಲ್ಕದ ಮೇಲೆ, ಶುಲ್ಕದೊಳಗೆ ಅಲ್ಲ. ಕಾಲಿಗೆ ಕಟ್ಟುವ ಸ್ಪ್ಲಿಂಟ್‌ಗಳು ಮಗು ಬೆಳೆದಂತೆ ಚಿಕ್ಕವಾಗುವುದರಿಂದ ವರ್ಷಕ್ಕೊಮ್ಮೆ ಹೊಸದು. ತಿಂಗಳಿಗೆ ಹಂಚಿದರೆ 1,200. ಒಟ್ಟು 34,000. ವರ್ಷಕ್ಕೆ ನಾಲ್ಕು ಲಕ್ಷ ಎಂಟು ಸಾವಿರ. ಇದರಲ್ಲಿ ಅವಳ ಅನ್ನ, ಬಟ್ಟೆ, ಪುಸ್ತಕ, ಜ್ವರದ ಔಷಧ ಯಾವುದೂ ಸೇರಿಲ್ಲ. ಅವು ಅವಳ ಅಣ್ಣನಿಗೂ ಆಗುವ ಖರ್ಚುಗಳು. ಇದು ಅವಳಿಗೆ ಮಾತ್ರ ಆಗುವ ಖರ್ಚು.

ಪುಸ್ತಕದಲ್ಲಿ ಬರೆಯದ ಖರ್ಚು ಇನ್ನೊಂದಿದೆ. ನನ್ನ ಪತ್ನಿ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದಳು. ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟಳು. ಬಾರದೆ ಹೋದ ಸಂಬಳವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಲೆಕ್ಕಶಾಸ್ತ್ರ ನನಗೆ ಕಲಿಸಿಲ್ಲ. ಅಮರ್ತ್ಯ ಸೇನ್ ಇದನ್ನು ಎರಡಾಗಿ ಬಿಡಿಸಿದ್ದಾರೆ: ಅಂಗವೈಕಲ್ಯ ಗಳಿಕೆಯನ್ನು ಕುಗ್ಗಿಸುತ್ತದೆ, ಗಳಿಸಿದ ಹಣ ಇತರರಿಗೆ ಒದಗಿಸುವಷ್ಟು ಬದುಕನ್ನು ಒದಗಿಸದಂತೆಯೂ ಮಾಡುತ್ತದೆ. ಎರಡನೆಯ ಪೆಟ್ಟನ್ನು ಬಡತನದ ರೇಖೆ ಎಳೆಯುವವರು ನೋಡುವುದೇ ಇಲ್ಲ. ಆದ್ದರಿಂದಲೇ ನಮ್ಮಂಥ ಕುಟುಂಬಗಳು ‘ಅನುಕೂಲಸ್ಥರು’ ಎಂಬ ಪಟ್ಟಿಯಲ್ಲಿ ಕುಳಿತೇ ಕರಗುತ್ತಿರುತ್ತವೆ.

ಸರಕಾರ ಏನು ಕೊಡುತ್ತದೆ? ತೆಲಂಗಾಣದಲ್ಲಿ ವಿಕಲಚೇತನರ ಆಸರಾ ಪಿಂಚಣಿ 2023ರಲ್ಲಿ 3,016ರಿಂದ 4,016 ರೂಪಾಯಿಗೆ ಏರಿತು. ಅದೇ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸು 6,000 ಕೊಡುವೆವೆಂದು ಮಾತು ಕೊಟ್ಟಿತು. ಗದ್ದುಗೆಯೇರಿ ವರ್ಷ ಕಳೆದರೂ ಮೊತ್ತ ನಿಂತಲ್ಲಿಯೇ ನಿಂತಿತ್ತು. ನೆರೆಯ ಆಂಧ್ರಪ್ರದೇಶ 2024ರ ಜುಲೈಯಲ್ಲಿ 6,000ಕ್ಕೆ ಏರಿಸಿತು. ಆದರೆ ಈ ಜಗಳದಲ್ಲಿ ನಾನು ಪಕ್ಷಗಾರನೇ ಅಲ್ಲ. ಪಿಂಚಣಿಗೆ ಆದಾಯದ ಮಿತಿಯಿದೆ, ನಾನು ಆ ಮಿತಿಯ ಆಚೆಗಿದ್ದೇನೆ. ತೆರಿಗೆಯ ವಿಷಯಕ್ಕೆ ಬರೋಣ. 1961ರ ಆದಾಯ ತೆರಿಗೆ ಕಾಯಿದೆಯ 80ಡಿಡಿ ಕಲಮು ಅವಲಂಬಿತ ವಿಕಲಚೇತನರ ಪೋಷಣೆಗೆ 75,000, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿಯ ಕಡಿತ ಕೊಟ್ಟಿತು. ಶೇ. 20ರ ತೆರಿಗೆ ತೆರುವವನಿಗೆ ಮೊದಲನೆಯದರಿಂದ ಉಳಿಯುವುದು ಸೆಸ್ ಸೇರಿ ವರ್ಷಕ್ಕೆ 15,600. ಅಂದರೆ ತಿಂಗಳಿಗೆ 1,300. ನನ್ನ ಮಗಳ ಎರಡು ದಿನದ ಚಿಕಿತ್ಸೆಗೆ ಸಾಲದು. ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023–24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಈ ಕಡಿತವೇ ಇಲ್ಲ. ತೆರಿಗೆಯನ್ನು ‘ಸರಳ’ಗೊಳಿಸುವಾಗ ಮೊದಲು ಕಡಿದದ್ದು ಯಾರ ಊರುಗೋಲನ್ನು ಎಂದು ಹೊಸ ಪದ್ಧತಿಯನ್ನು ಹೊಗಳುವ ನಮ್ಮ ವರ್ತಕ ಬಂಧುಗಳು ಒಮ್ಮೆ ಯೋಚಿಸಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೂ ಊರುಗೋಲಿಗೂ ಶೇ. 5 ತೆರಿಗೆ ಬಿತ್ತೆಂಬುದನ್ನೂ ನೆನೆಯಲಿ.

ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಒಂದು ಲಕ್ಷದ ಮಿತಿಯದು. ಇದ್ದುದರಲ್ಲಿ ಒಳ್ಳೆಯದು, ಮಾಡಿಸದವರು ಮಾಡಿಸಿ. ನಾಲ್ಕು ಲಕ್ಷದ ಹೊರೆಗೆ ಒಂದು ಲಕ್ಷ ಎಷ್ಟು ಹೆಗಲು ಕೊಟ್ಟೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ವಿಕಲಚೇತನ ಮಗುವಿನ ಜೀವನಭತ್ಯೆಗೆ ತಂದೆ-ತಾಯಿಯ ಆದಾಯ ಕೇಳುವುದಿಲ್ಲ; ಮಗುವಿಗೆ ಎಷ್ಟು ಆರೈಕೆ ಬೇಕೆಂಬುದು ಅಲ್ಲಿನ ಮುಖ್ಯ ಅಳತೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 24ನೆಯ ಕಲಮಿನಲ್ಲಿಯೂ ಆರೈಕೆದಾರರ ಭತ್ಯೆಯ ಮಾತಿದೆ. ಮಾತು ಇದೆ.

ಈ ನಗರದ ಒಂದು ಭಾಗ್ಯವನ್ನು ಮರೆಯಬಾರದು. 1984ರಲ್ಲಿ ಸ್ಥಾಪನೆಯಾದ, ಬೌದ್ಧಿಕ ವೈಕಲ್ಯವುಳ್ಳವರ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿದೆ. ವಾಕ್-ಶ್ರವಣ ಸಂಸ್ಥೆಯೊಂದರ ಪ್ರಾದೇಶಿಕ ಕೇಂದ್ರವೂ ಅಲ್ಲಿಯೇ. ಆದರೆ ದೇಶಕ್ಕೊಂದು ಸಂಸ್ಥೆ ಬೀದಿಗೊಂದು ಚಿಕಿತ್ಸಾಲಯವಾಗಲಾರದು. ವಾರಕ್ಕೆ ಐದು ದಿನ ನಗರವನ್ನು ದಾಟುವುದು ಶಾಲೆಗೂ ಹೋಗಬೇಕಾದ ಮಗುವಿಗೆ ಸಾಧ್ಯವಿಲ್ಲ.

ಹೊರನಾಡ ಕನ್ನಡಿಗರಾದ ನಾವು ತೆರುವ ಇನ್ನೊಂದು ಬೆಲೆಯುಂಟು. ಅದನ್ನು ಕರ್ನಾಟಕದೊಳಗಿನವರು ಊಹಿಸಲಾರರು. ಮಗಳಿಗೆ ಮೂರು ವರ್ಷವಿದ್ದಾಗ ಖಾಸಗಿ ಕೇಂದ್ರವೊಂದರಲ್ಲಿ, ‘ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಆಡಿ, ತೆಲುಗಾಗಲಿ ಇಂಗ್ಲಿಷಾಗಲಿ’ ಎಂದರು. ಅವರಿಗೆ ಕನ್ನಡ ಬಾರದು, ಕನ್ನಡದ ಪಾಠಚಿತ್ರಗಳೂ ಅವರಲ್ಲಿರಲಿಲ್ಲ. ನಾವು ಹೆದರಿ ಬಿಟ್ಟೆವು. ಎರಡು ವರ್ಷ ನಮ್ಮ ಮನೆಯಲ್ಲಿ ಮುರುಕು ಇಂಗ್ಲಿಷಿನಲ್ಲಿ ಊಟ ಬಡಿಸಿದೆವು. ನನ್ನ ತಾಯಿ ಮೊಮ್ಮಗಳೊಡನೆ ಮಾತಾಡಲಾರದೆ ಸನ್ನೆಗೆ ಇಳಿದರು; ಕಡೆಗೆ ಸನ್ನೆಯನ್ನೂ ಬಿಟ್ಟು ಬರೀ ತಲೆ ನೇವರಿಸತೊಡಗಿದರು. ಎರಡು ಭಾಷೆ ಕೇಳುವುದರಿಂದ ಇಂಥ ಮಕ್ಕಳ ಮಾತು ಕುಂಠಿತವಾಗುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಇಂದಿನ ವಾಕ್-ಶ್ರವಣ ಶಾಸ್ತ್ರ ಹೇಳುತ್ತದೆ. ಅದನ್ನು ನಮಗೆ ಹೇಳುವವರು ಆಗ ಇರಲಿಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಗೆ ಕಾಚಿಗುಡದಿಂದ ರಾತ್ರಿಯ ರೈಲು ಹಿಡಿದು ಹೋದಮೇಲೆಯೇ ನಾವು ಮತ್ತೆ ಕನ್ನಡಕ್ಕೆ ಮರಳಿದ್ದು. ಅವಳು ಹೇಳಿದ ಮೊದಲ ಪೂರ್ಣ ವಾಕ್ಯ ‘ಅಜ್ಜಿ ನೀರು ಬೇಕು’. ಆ ಪ್ರಯಾಣಗಳ ಖರ್ಚನ್ನು ಮೇಲಿನ 34,000ದಲ್ಲಿ ಸೇರಿಸಿಲ್ಲ. ಅಜ್ಜಿಯ ಎರಡು ವರ್ಷಗಳನ್ನೂ ಸೇರಿಸಿಲ್ಲ.

ಇನ್ನು ನಮ್ಮ ಸಮಾಜದ ಕಡೆಗೆ ತಿರುಗುತ್ತೇನೆ. ಸರಕಾರಕ್ಕಿಂತ ಹೆಚ್ಚಿನ ಸಿಟ್ಟು ನನಗಿರುವುದು ಇಲ್ಲಿ.

ದಾನಕ್ಕೆ ನಾವು ಹಿಂಜರಿದವರಲ್ಲ. ಚತುರ್ವಿಧ ದಾನ ನಮ್ಮ ಗೃಹಸ್ಥಧರ್ಮದ ಬೆನ್ನೆಲುಬು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರನ್ನು ನಾವು ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗುತ್ತೇವೆ. 1975ರಲ್ಲಿ ಡಿ. ಆರ್. ಮೆಹತಾ ಅವರು ಜೈಪುರದಲ್ಲಿ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಕೃತಕ ಕಾಲು ಜಗತ್ತಿನ ಎಷ್ಟೋ ದೇಶಗಳಲ್ಲಿ ಜನರನ್ನು ನಿಲ್ಲಿಸಿ ನಡೆಸಿದೆ. ಅದಕ್ಕೆ ನನ್ನ ತಲೆ ಬಾಗುತ್ತದೆ. ಆದರೆ ಸಭೆಯ ಹಿರಿಯರು ಆ ಸಾಧನೆಯ ನೆರಳಿನಲ್ಲಿ ತಮ್ಮ ಶಿಬಿರವನ್ನು ಕೂರಿಸುವಾಗ ಒಂದು ಅಂತರವನ್ನು ಮರೆಮಾಚುತ್ತಾರೆ. ಕಾಲು ಕಳೆದುಕೊಂಡ ವಯಸ್ಕನಿಗೆ ಒಂದು ಕಾಲು ಕೊಟ್ಟರೆ ಅವನು ಎದ್ದು ಹೋಗಿ ದುಡಿಯಬಲ್ಲ. ನನ್ನ ಮಗಳಿಗೆ ಒಂದು ಭಾನುವಾರ ಕಲ್ಯಾಣಮಂಟಪದಲ್ಲಿ ಹಾರ ಹಾಕಿ, ಅವಳ ಅಳತೆಗಿಲ್ಲದ ಗಾಲಿಕುರ್ಚಿ ಕೊಟ್ಟು, ಫೋಟೋ ತೆಗೆದರೆ ಸೋಮವಾರದ ಫಿಸಿಯೋಥೆರಪಿಗೆ ಏನೂ ಆಗುವುದಿಲ್ಲ. ಆ ಕುರ್ಚಿ ನಮ್ಮ ಮನೆಯಲ್ಲಿ ಮಡಿಸಿಕೊಂಡು ಗೋಡೆಗೆ ಒರಗಿದೆ. ದಾನ ವರ್ಷಕ್ಕೊಮ್ಮೆ ಬರುತ್ತದೆ. ಖರ್ಚು ತಿಂಗಳ ಒಂದನೆಯ ತಾರೀಖಿಗೆ ಬರುತ್ತದೆ.

ಹಾಗಾದರೆ ಸಹಾಯ ಕೇಳಲು ಬಾರದ ನಾವೇ ತಪ್ಪಿತಸ್ಥರೇ? ಕೇಳಿದರೆ ಏನಾಗುತ್ತದೆಂದು ಬಲ್ಲೆವು. ಕೇಳಿದ ದಿನದಿಂದ ಅಣ್ಣನ ಮದುವೆಯ ಮಾತಿಗೆ ಬೀಗ ಬೀಳುತ್ತದೆ. ವಧೂವರ ಸಮಾವೇಶಗಳ ಬಯೋಡೇಟಾಗಳನ್ನು ನೋಡಿ. ‘ಒಡಹುಟ್ಟಿದವರು’ ಎಂಬ ಸಾಲಿನಿಂದ ಎಷ್ಟು ಮಕ್ಕಳು ಮಾಯವಾಗಿದ್ದಾರೆಂದು ನಿಮ್ಮ ನಿಮ್ಮ ಬಳಗವನ್ನೇ ಎಣಿಸಿ. 2011ರ ಜನಗಣತಿಯಂತೆ ದೇಶದ ಜನರಲ್ಲಿ ಶೇ. 2.21 ವಿಕಲಚೇತನರು. ಅದೇ ಪ್ರಮಾಣವನ್ನು ನಮ್ಮ 44.5 ಲಕ್ಷ ಜೈನರಿಗೆ ಹಾಕಿದರೆ ಲಕ್ಷಕ್ಕೆ ಸಮೀಪ ಬರುತ್ತದೆ. ಅವರು ಎಲ್ಲಿದ್ದಾರೆ? ಬಸದಿಯಲ್ಲಿ ಕಾಣುವುದಿಲ್ಲ, ಪಾಠಶಾಲೆಯಲ್ಲಿ ಕಾಣುವುದಿಲ್ಲ. ಒಳಕೋಣೆಯಲ್ಲಿದ್ದಾರೆ.

ಒಳಕೋಣೆಗೆ ಕಳಿಸಿದ್ದು ಒಂದು ಶಬ್ದ: ‘ಪೂರ್ವಾರ್ಜಿತ’. ನಮ್ಮ ಮನೆಗೆ ಬಂದು ಇದನ್ನು ಹೇಳದೆ ಹೋದ ನೆಂಟರು ಕಡಿಮೆ. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದನ್ನು ಅರ್ಧ ಓದಿದವರನ್ನು ಅಲ್ಲಗಳೆಯುತ್ತೇನೆ. ಅಸಾತಾವೇದನೀಯ ಕರ್ಮ ಹೇಗೆ ಹರಿದು ಬರುತ್ತದೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಹೇಳಿದ್ದಾರೆ: ತನ್ನಲ್ಲಾಗಲಿ ಪರರಲ್ಲಾಗಲಿ ದುಃಖವನ್ನೂ ಶೋಕವನ್ನೂ ಪರಿತಾಪವನ್ನೂ ಉಂಟುಮಾಡುವುದರಿಂದ. ಮಗುವಿನ ಮುಂದೆಯೇ ತಾಯಿಗೆ ‘ನಿಮ್ಮ ಕರ್ಮ’ ಎಂದು ಹೇಳಿ ಅವಳನ್ನು ಅಳಿಸಿ ಹೋದವರು ಆ ಕ್ಷಣದಲ್ಲಿ ಯಾರ ಖಾತೆಗೆ ಏನನ್ನು ಜಮಾ ಮಾಡಿಕೊಂಡರು? ರೋಗಿಗಳ, ಅಶಕ್ತರ ಶುಶ್ರೂಷೆಯಾದ ವೈಯಾವೃತ್ಯವನ್ನು ಆಂತರಿಕ ತಪಸ್ಸಿನಲ್ಲಿ ಎಣಿಸಿದ ಧರ್ಮ ನಮ್ಮದು. ಅದು ಮುನಿಸಂಘಕ್ಕೆ ಹೇಳಿದ್ದು ಎಂದು ಪಂಡಿತರು ತಿದ್ದಬಹುದು. ತಿದ್ದಲಿ. ಮುನಿಗಳಿಗೇ ತಪಸ್ಸಾದದ್ದು ಶ್ರಾವಕರಿಗೆ ಅವಮಾನವಾದದ್ದು ಹೇಗೆ?

ಶಾಲೆಗಳ ವಿಷಯ ಇನ್ನೂ ಕಹಿಯಾದದ್ದು. 2014ರ ಜನವರಿ 27ರಂದು ಕೇಂದ್ರ ಸರಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿಸಿತು. ನಾವು ಸಿಹಿ ಹಂಚಿದೆವು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಆ ಕಾಯಿದೆಯ ಶೇ. 25ರ ಮೀಸಲಿನ ‘ಅವಕಾಶವಂಚಿತ’ ಮಕ್ಕಳಲ್ಲಿ 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಸೇರಿದ್ದರು. ಅಂದರೆ ನಮ್ಮ ಅಲ್ಪಸಂಖ್ಯಾತ ಪತ್ರವನ್ನು ಗೋಡೆಗೆ ತೂಗುಹಾಕಿದ ಶಾಲೆಗೆ ನಮ್ಮದೇ ವಿಕಲಚೇತನ ಮಗುವನ್ನು ಆ ಮೀಸಲಿನಡಿ ಸೇರಿಸಿಕೊಳ್ಳುವ ಹೊಣೆಯಿಲ್ಲ. ನನ್ನ ಮಗಳನ್ನು ಕರೆದುಕೊಂಡು ಜೈನ ಆಡಳಿತದ ಶಾಲೆಯೊಂದಕ್ಕೆ ಹೋದಾಗ, ‘ನಮ್ಮದು ಮೈನಾರಿಟಿ ಶಾಲೆ, ಆ ನಿಯಮ ನಮಗಿಲ್ಲ’ ಎಂದು ವಿನಯದಿಂದಲೇ ಹೇಳಿದರು. ಮೈನಾರಿಟಿಯ ಮಗುವಿಗೇ ಹೇಳಿದರು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಪ್ರಮತಿ ತೀರ್ಪಿನ ಬಗೆಗೆ ಸಂಶಯ ಸೂಚಿಸಿ ಮರುಪರಿಶೀಲನೆಗೆ ದಾರಿ ತೆರೆದಿದೆ. ನ್ಯಾಯಾಲಯ ಹೇಳುವವರೆಗೆ ಕಾಯಬೇಕೇ? ತಪ್ಪಿಸಿಕೊಳ್ಳಲು ಕಾನೂನು ಬಿಟ್ಟ ಕಿಂಡಿಯಿದೆಯೆಂದು ನುಸುಳಲೇಬೇಕೆಂದಿಲ್ಲ. ವಿಶೇಷ ಶಿಕ್ಷಕಿಯೊಬ್ಬರನ್ನು ನೇಮಿಸಿಕೊಂಡರೆ ನನ್ನಂಥ ಹತ್ತು ಮನೆಗಳ ಸಹಾಯಕಿಯ ಸಂಬಳ ಉಳಿಯುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಪ್ರಮಾಣವನ್ನು ಸುಪ್ರೀಂ ಕೋರ್ಟು 2021ರಲ್ಲಿ ಒಪ್ಪಿದೆ.

ಬಸದಿಗಳ ಮೆಟ್ಟಿಲಿನ ವಿಷಯ ಒಂದೇ ಮಾತಿನಲ್ಲಿ: 2016ರ ಕಾಯಿದೆ ‘ಸಾರ್ವಜನಿಕ ಕಟ್ಟಡ’ ಎಂಬುದರೊಳಗೆ ಧಾರ್ಮಿಕ ಕಟ್ಟಡಗಳನ್ನೂ ಸೇರಿಸಿದೆ. ಬೀದಿಯ ಗಾಲಿ ಒಳಗೆ ಬರಬಾರದೆನ್ನುವ ಶುದ್ಧಿಯ ಚಿಂತೆಯಿದ್ದರೆ ಒಳಗೇ ಒಂದು ಕುರ್ಚಿ ಇಡಿ, ಹೊರಗೆ ಇಳಿಜಾರು ಕಟ್ಟಿ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಪ್ರತಿ ಊರಿನ ಸಂಘವೂ ಬೋಲಿಯಿಂದ ಬಂದ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಪ್ರತ್ಯೇಕವಾಗಿಡಲಿ. ಅದು ಮನೆಯವರ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಸದ್ದಿಲ್ಲದೆ ಹೋಗಲಿ. ವೇದಿಕೆ ಬೇಡ, ಹಾರ ಬೇಡ, ಫಲಕದಲ್ಲಿ ಹೆಸರು ಬೇಡ. ಆದಾಯದ ಪ್ರಮಾಣಪತ್ರ ಕೇಳಬೇಡಿ. ವೈಕಲ್ಯದ ಪ್ರಮಾಣಪತ್ರವಿದ್ದರೆ ಸಾಕು. ಅದನ್ನು ಪಡೆಯಲು ‘ಸದರಂ’ ಶಿಬಿರದ ಸಾಲಿನಲ್ಲಿ ನಿಂತವರಿಗೆ ಮತ್ತೊಂದು ಸಾಲು ಬೇಡ. ಅನುಕೂಲಸ್ಥರೂ ಪಡೆದುಬಿಟ್ಟರೆ ಎಂದು ಖಜಾಂಚಿಗಳು ಆಕ್ಷೇಪಿಸುತ್ತಾರೆ. ಪಡೆಯಲಿ. ಪ್ರತಿಭಾ ಪುರಸ್ಕಾರದಲ್ಲಿ ಶೇ. 95 ಪಡೆದ ಕೋಟ್ಯಧೀಶನ ಮಗನಿಗೆ ಬೆಳ್ಳಿಯ ಪದಕ ಕೊಡುವಾಗ ಅವನ ತಂದೆಯ ಆದಾಯವನ್ನು ನೀವು ಕೇಳಿದ್ದನ್ನು ನಾನು ಕಂಡಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಸಂಘದ ವಾರ್ಷಿಕ ಸಭೆಯಿದೆ. ಉತ್ತಮ ತ್ಯಾಗದ ಉಪನ್ಯಾಸವನ್ನು ಕೇಳಿದ ಜನವೇ ಅಲ್ಲಿಯೂ ಇರುತ್ತದೆ. ಈ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟು ಗೊತ್ತುವಳಿ ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಇಬ್ಬರು ತಾಯಂದಿರು ಈಗಾಗಲೇ ಒಪ್ಪಿದ್ದಾರೆ, ತಮ್ಮ ಮಕ್ಕಳನ್ನೂ ಕರೆತರುವುದಾಗಿ ಹೇಳಿದ್ದಾರೆ. ಸಭೆ ಮೊದಲನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೆಳಗೆ ಅಂಗಳದಲ್ಲಿಯೇ ನಡೆಸಿರೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ.