ಹಿತ್ತಲ ಸೊಪ್ಪು, ಹಿತ್ತಲ ಬೀಜ

ಪಾಲಕ್ ಎಂದು ಪೇಟೆಯಲ್ಲಿ ಮಾರಾಟವಾಗುವ ಸೊಪ್ಪು ವಾಸ್ತವವಾಗಿ ಬೀಟ್‌ರೂಟಿನ ಸೋದರಿ. ಎರಡೂ ಒಂದೇ ಸಸ್ಯಪ್ರಭೇದ. ಆದರೆ ಬೀಜದ ವಿಷಯದಲ್ಲಿ ಅವುಗಳ ಗುಣ ಬೇರೆ. ಗಡ್ಡೆಯ ಬೀಟ್‌ರೂಟ್ ದೀರ್ಘ ಚಳಿಯಿಲ್ಲದೆ ಹೂ ಬಿಡದು. ಅದರ ಬೀಜವನ್ನು ಪ್ರತಿಸಲವೂ ಕೊಳ್ಳಬೇಕು. ಪಾಲಕ್ ಬಯಲುಸೀಮೆಯಲ್ಲಿಯೂ ಬೀಜ ಕಟ್ಟುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ ಅನುಪಮ’ ತಳಿಯೂ ಬಿತ್ತನೆಗೆ ಇದೆ.

ಶಾಂತಿಗ್ರಾಮದ ಮನೆಯೊಂದಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದ ಒಂದು ಮಡಿ ಸಾಕು. ಸುಳಿಯನ್ನುಳಿಸಿ ಹೊರಗಿನ ಎಲೆಗಳನ್ನಷ್ಟೇ ಕಿತ್ತರೆ ಗಿಡ ಮತ್ತೆ ಚಿಗುರಿ, ಬಸ್ಸಾರಿಗೂ ಮಸ್ಸೊಪ್ಪಿಗೂ ಒದಗುತ್ತದೆ. ಕಡೆಯಲ್ಲಿ ಎಂಟು ಹತ್ತು ಗಿಡಗಳನ್ನಾದರೂ ಕೀಳದೆ ಬೀಜಕ್ಕೆ ಬಿಡಬೇಕು. ಒಣಗಿದ ಬೀಜವನ್ನು ನೆರೆಮನೆಗೂ ಹಂಚಬೇಕು. ಬೀಜ ಕಳೆದುಕೊಂಡ ಹಿತ್ತಲು ಹಸಿರಾಗಿದ್ದರೂ ಅಂಗಡಿಯ ಗಿರಾಕಿಯೇ. ಸ್ವಾವಲಂಬನೆಯ ಮಾತು ಮಡಿಲಲ್ಲಿ ಬೀಜ ಕಟ್ಟಿಕೊಂಡವರಿಗೆ ಮಾತ್ರ ಒಪ್ಪುತ್ತದೆ.